ನಲ್ಲಿ ಮೊದಲೋ, ಮನೆ ಮೊದಲೋ?

ಮೈಸೂರಿನಿಂದ ಯಾವ ದಿಕ್ಕಿಗೆ ಹೊರಟರೂ ಈಗ ಬೋರ್ಡು ಕಾಣುತ್ತದೆ. ಇಲವಾಲದ ಕಡೆ, ನಂಜನಗೂಡಿನ ದಾರಿಯಲ್ಲಿ, ತಿ. ನರಸೀಪುರದ ರಸ್ತೆಯಲ್ಲಿ, ಎಲ್ಲೆಲ್ಲೂ ‘ನಿವೇಶನಗಳು ಮಾರಾಟಕ್ಕಿವೆ’. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ಆಯಿತು. 118 ಕಿಲೋಮೀಟರಿನ ಆ ರಸ್ತೆ ಬಂದ ಮೇಲಂತೂ ಸೈಟಿನ ಮಾತು ಬಾರದ ಮದುವೆ ಮನೆಯೇ ಇಲ್ಲ. ಆದರೆ ಸೈಟು ಕೊಂಡು ಮನೆ ಕಟ್ಟಿದವರನ್ನು ಒಂದೆರಡು ವರ್ಷ ಬಿಟ್ಟು ಮಾತನಾಡಿಸಿ ನೋಡಿ. ಕಾವೇರಿ ನೀರು ಬಂತೇ? ಇಲ್ಲ, ಬೋರ್‌ವೆಲ್ ಇದೆ, ಬೇಸಿಗೆಯಲ್ಲಿ ಟ್ಯಾಂಕರ್. ಯುಜಿಡಿ, ಅಂದರೆ ಒಳಚರಂಡಿ? ಪೈಪು ಹಾಕಿದ್ದಾರೆ, ಅದು ಎಲ್ಲಿಗೆ ಹೋಗಿ ಸೇರುತ್ತದೋ ತಿಳಿಯದು. ಬೀದಿ ದೀಪ? ಕಂಬ ಇದೆ. ಖಾತೆ? ಅದೊಂದು ದೊಡ್ಡ ಕಥೆ.

ಊರು ಬೆಳೆಯಬೇಕು, ಹುಡುಗರಿಗೆ ಕೆಲಸ ಸಿಗಬೇಕು, ಕೆಲಸಕ್ಕೆ ಬಂದವರಿಗೆ ಮನೆ ಸಿಗಬೇಕು. ಇದರಲ್ಲಿ ಯಾರಿಗೂ ತಕರಾರಿಲ್ಲ. ಆ ಕೆಲಸ, ಆ ಮನೆ ಎರಡಕ್ಕೂ ಆಧಾರವಾದ ನೀರು, ಒಳಚರಂಡಿ, ರಸ್ತೆ, ದೀಪಗಳಿಗೆ ಸಾರ್ವಜನಿಕರ ಹಣವನ್ನು ಯಾವಾಗ ಹಾಕಬೇಕು, ಎಲ್ಲಿ ಹಾಕಬೇಕು, ಹಾಕಿದ್ದು ಯಾವ ದಾರಿಯಲ್ಲಿ ಬೊಕ್ಕಸಕ್ಕೆ ಮರಳಬೇಕು ಎನ್ನುವುದು ಇವತ್ತಿನ ವಿಷಯ. ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ಮೈಸೂರು ಆಕಾಶವಾಣಿ ನಿಲಯ ಇರುವ ಯಾದವಗಿರಿಯೇ ಒಳ್ಳೆಯ ಉದಾಹರಣೆ.

ಮೈಸೂರು ರೈಲ್ವೆ ನಿಲ್ದಾಣದ ಹಿಂಬದಿಯ ಎತ್ತರದ ನೆಲ ಯಾದವಗಿರಿ. ಒಂದು ಕಡೆ ರೈಲ್ವೆ ನೌಕರರ ವಸತಿ, ಇನ್ನೊಂದು ಕಡೆ ರಾಮಕೃಷ್ಣ ಆಶ್ರಮ, ನಡುವೆ ವಿಶಾಲ ಕಾಂಪೌಂಡಿನ ಮನೆಗಳು, ಉತ್ತರಕ್ಕೆ ಸರಿದಂತೆ ಕಾರ್ಖಾನೆಗಳ ನೆಲ. ಇಂಗ್ಲಿಷ್ ಕಾದಂಬರಿಕಾರ ಆರ್.ಕೆ. ನಾರಾಯಣ್ 1950ರ ದಶಕದ ಆರಂಭದಲ್ಲಿ ಇಲ್ಲಿ ಮನೆ ಕಟ್ಟಿದರು. ನಗರಪಾಲಿಕೆ ಮುಂದೆ ಅದನ್ನು ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಲೇಖಕರಿಗೂ ಅಧಿಕಾರಿಗಳಿಗೂ ರೈಲ್ವೆ ನೌಕರರಿಗೂ ಕಾರ್ಖಾನೆಯ ಕಾರ್ಮಿಕರಿಗೂ ಒಂದೇ ಬಡಾವಣೆಯ ಆಸುಪಾಸಿನಲ್ಲಿ ನೆಲೆ ಸಿಕ್ಕಿತು. ಅದು ತಾನಾಗಿ ಆದದ್ದಲ್ಲ. ಅದರ ಹಿಂದೆ ಒಂದು ಕ್ರಮ ಇತ್ತು. ಮೊದಲು ನೆಲ ಹದ ಮಾಡುವುದು, ಆಮೇಲೆ ಮನೆ ಕಟ್ಟಲು ಬಿಡುವುದು.

ಆ ಕ್ರಮ ಮೈಸೂರಿಗೆ ಬಂದದ್ದು ಸಂಕಟದ ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗ್ ಬಂದಾಗ ಹಳೆಯ ಮೈಸೂರಿನ ಇಕ್ಕಟ್ಟು ಕೇರಿಗಳು ಮೊದಲು ತತ್ತರಿಸಿದವು. ಗಾಳಿ ಬೆಳಕಿಲ್ಲದ ಮನೆ, ಹರಿಯದ ಚರಂಡಿ, ಎಲ್ಲರೂ ನಂಬಿದ್ದ ಕೆರೆ ಬಾವಿಗಳು. ಕಾವೇರಿ ನೀರನ್ನು ಊರಿಗೆ ತರುವ ಕನಸು ಅದಕ್ಕೂ ಹಳೆಯದು. ದಿವಾನ್ ಪೂರ್ಣಯ್ಯನವರು ನಾಲೆಯೊಂದನ್ನೇ ತೋಡಿಸಲು ಹೊರಟಿದ್ದರು. ಅದು ಪೂರೈಸಲಿಲ್ಲ. ಊರ ನಡುವೆ ಕಂದಕದಂತೆ ಉಳಿದಿದ್ದ ಆ ನಾಲೆಯ ಒಂದು ಭಾಗವನ್ನು ಆಮೇಲೆ ಮುಚ್ಚಿ ಮಾಡಿದ್ದೇ ಇವತ್ತು ದಸರಾ ಮೆರವಣಿಗೆ ಸಾಗುವ ಸಯ್ಯಾಜಿರಾವ್ ರಸ್ತೆ. ಕಾವೇರಿ ನೀರು ಕಡೆಗೂ ಊರಿಗೆ ಏರಿದ್ದು 1896ರಲ್ಲಿ, ಬೆಳಗೊಳದಿಂದ ಯಂತ್ರದ ಬಲದಲ್ಲಿ. ಆಗ ರೀಜೆಂಟ್ ಆಗಿ ರಾಜ್ಯ ನಡೆಸುತ್ತಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ನಮ್ಮ ನೀರು ಸರಬರಾಜು ವಿಭಾಗಕ್ಕೆ ಇವತ್ತಿಗೂ ಅವರದೇ ಹೆಸರು, ವಾಣಿವಿಲಾಸ ನೀರು ಸರಬರಾಜು.

ನೀರು ಬಂದಿತು. ಏಳು ವರ್ಷಗಳ ನಂತರ, 1903ರಲ್ಲಿ, ಮೈಸೂರು ನಗರ ಅಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಹಳಬರ ಬಾಯಲ್ಲಿ ಅದು ‘ಸಿಐಟಿಬಿ’, ಅಥವಾ ಸುಮ್ಮನೆ ‘ಟ್ರಸ್ಟ್ ಬೋರ್ಡು’. ಮುಂಬೈಯಲ್ಲಿ ಇಂಥದೊಂದು ಟ್ರಸ್ಟು 1898ರಲ್ಲಿ ಆಗಿತ್ತು. ಬೆಂಗಳೂರಿಗೆ ಇಂಥ ಮಂಡಳಿ ಬಂದದ್ದು 1945ರಲ್ಲಿ. ಬೆಂಗಳೂರಿಗಿಂತ ನಾಲ್ಕು ದಶಕ ಮೊದಲೇ ಮೈಸೂರಿಗೆ ಊರು ಕಟ್ಟುವುದಕ್ಕೆಂದೇ ಒಂದು ಸಂಸ್ಥೆ ಇತ್ತು ಎನ್ನುವುದನ್ನು ನಾವು ಮರೆತಿದ್ದೇವೆ. ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ, ಸರಸ್ವತೀಪುರಂ, ಹೀಗೆ ಕೋಟೆಯಿಂದ ಹೊರಕ್ಕೆ ಊರು ಹರಡಿದಾಗ ಬೀದಿ ಮೊದಲು, ಮನೆ ಆಮೇಲೆ ಎನ್ನುವುದು ಪದ್ಧತಿಯಾಯಿತು. ಯಾದವಗಿರಿ ಆ ಸಾಲಿಗೆ ಸೇರಿದ್ದು.

ಟ್ರಸ್ಟ್ ಬೋರ್ಡಿನ ಲೆಕ್ಕಾಚಾರ ಸರಳ. ಹೊಲವಾಗಿದ್ದ ನೆಲವನ್ನು ಸರ್ಕಾರ ಪಡೆದುಕೊಳ್ಳುತ್ತದೆ. ಅದರಲ್ಲಿ ಸುಮಾರು ಅರ್ಧದಷ್ಟು ರಸ್ತೆಗೆ, ಉದ್ಯಾನಕ್ಕೆ, ಶಾಲೆಗೆ, ಇತರ ಸೌಲಭ್ಯಕ್ಕೆ ಹೋಗುತ್ತದೆ. ಉಳಿದದ್ದು ನಿವೇಶನ. ನೀರು, ರಸ್ತೆ, ಚರಂಡಿ ಬಂದ ಕೂಡಲೇ ಆ ನಿವೇಶನದ ಬೆಲೆ ಹೊಲದ ಬೆಲೆಗಿಂತ ಎಷ್ಟೋ ಪಟ್ಟು ಏರುತ್ತದೆ. ಮಾರಿದಾಗ ಬಂದ ಹಣದಲ್ಲಿ ಹಾಕಿದ ಖರ್ಚು ವಾಪಸು ಬರುತ್ತದೆ. ಆ ಹಣದಿಂದ ಮುಂದಿನ ಬಡಾವಣೆಗೆ ಕೈ ಹಾಕಬಹುದು. ಹೀಗೆ ಒಂದೇ ಮೂಲಧನ ಬಡಾವಣೆಯಿಂದ ಬಡಾವಣೆಗೆ ನಡೆಯುತ್ತದೆ. ಇಲ್ಲಿ ಗಮನಿಸಬೇಕಾದ್ದು ಒಂದು ಇದೆ. ಬೆಲೆ ಏರಿದ್ದು ಯಾರ ದುಡಿಮೆಯಿಂದ? ನಿವೇಶನ ಕೊಂಡವನ ದುಡಿಮೆಯಿಂದಲ್ಲ, ಸಾರ್ವಜನಿಕ ಹಣದಲ್ಲಿ ಹಾಕಿದ ನಲ್ಲಿಯಿಂದ, ರಸ್ತೆಯಿಂದ. ಹಾಗಾದರೆ ಆ ಏರಿಕೆಯಲ್ಲಿ ಒಂದು ಪಾಲು ಸಾರ್ವಜನಿಕರಿಗೆ ಮರಳುವುದು ನ್ಯಾಯ.

ಇದೇ 1903ರಲ್ಲಿ ಇಂಗ್ಲೆಂಡಿನ ಲೆಚ್‌ವರ್ತ್ ಎಂಬಲ್ಲಿ ಎಬನೀಜರ್ ಹೋವರ್ಡ್ ಎಂಬ ಚಿಂತಕನ ಪ್ರೇರಣೆಯಿಂದ ಮೊದಲ ‘ಉದ್ಯಾನ ನಗರ’ ಆರಂಭವಾಯಿತು. ಕಾರ್ಖಾನೆ, ಮನೆ, ತೋಟ ಮೂರೂ ಅಕ್ಕಪಕ್ಕ ಇರಬೇಕು ಎಂಬುದು ಆತನ ಕನಸು. ನೆಲ ಮಾತ್ರ ಊರಿನ ಒಡೆತನದಲ್ಲೇ ಇರಬೇಕು, ಅದರ ಬಾಡಿಗೆ ಊರಿಗೇ ಬರಬೇಕು ಎಂದು ಆತ ಹಟ ಹಿಡಿದ. ಅಲ್ಲಿ ಈಗಲೂ ಸ್ಥಳೀಯ ಪ್ರತಿಷ್ಠಾನವೊಂದರ ಕೈಯಲ್ಲಿರುವ ಆಸ್ತಿಯ ವರಮಾನ ಊರಿನ ಕೆಲಸಗಳಿಗೆ ಹೋಗುತ್ತದೆ. ಮೈಸೂರಿನವರು ನಿವೇಶನವನ್ನು ಮಾರಿದರು, ಲೆಚ್‌ವರ್ತಿನವರು ಬಾಡಿಗೆಗೆ ಕೊಟ್ಟರು. ಮಾರಿದ ನಮಗೆ ಹಣ ಒಂದು ಸಲ ಬಂತು. ಬಾಡಿಗೆಗೆ ಕೊಟ್ಟ ಅವರಿಗೆ ಇನ್ನೂ ಬರುತ್ತಲೇ ಇದೆ. ಈ ವ್ಯತ್ಯಾಸಕ್ಕೆ ಆಮೇಲೆ ಬರುತ್ತೇನೆ.

ಈಗ ಉದ್ಯೋಗದ ವಿಷಯ. ಮೈಸೂರು ಸಂಸ್ಥಾನ ಕಾರ್ಖಾನೆಗಳನ್ನು ತಾನೇ ಕಟ್ಟಿತು. 1912ರಲ್ಲಿ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ, 1920ರ ದಶಕದಲ್ಲಿ ಅಶೋಕಪುರಂ ಕಡೆಯ ರೈಲ್ವೆ ಕಾರ್ಯಾಗಾರ, 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಅಲ್ಲೇ. ಸ್ವಾತಂತ್ರ್ಯದ ನಂತರ ಖಾಸಗಿಯವರು ಬಂದರು. ಅವರಲ್ಲಿ ಯಾದವಗಿರಿಗೆ ಹೆಸರು ತಂದದ್ದು ಐಡಿಯಲ್ ಜಾವಾ. 1960ರಲ್ಲಿ ಸ್ಥಾಪನೆಯಾದ ಕಂಪನಿ, ಚೆಕೊಸ್ಲೊವಾಕಿಯಾದ ತಂತ್ರಜ್ಞಾನ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹ. ಜಾವಾ ಬೈಕು, ಆಮೇಲೆ ಯೆಜ್ಡಿ. ಮೈಸೂರಿನಲ್ಲಿ ಒಂದು ತಲೆಮಾರಿಗೆ ‘ಜಾವಾದಲ್ಲಿ ಕೆಲಸ’ ಎಂದರೆ ಹೆಣ್ಣು ಕೊಡುವವರು ಮರು ಪ್ರಶ್ನೆ ಹಾಕುತ್ತಿರಲಿಲ್ಲ.

ಆ ಕಾರ್ಖಾನೆ ನಿಂತ ನೆಲದ ಸುತ್ತ ಏನಿತ್ತು ಎಂದು ನೋಡಿ. ರೈಲು ನಿಲ್ದಾಣ ಹತ್ತಿರ. ಕೆ.ಆರ್.ಎಸ್. ರಸ್ತೆ ಹತ್ತಿರ. ಕಾವೇರಿಯ ನೀರು, ಶಿವನಸಮುದ್ರದ ಜಲವಿದ್ಯುತ್ ಸ್ಥಾವರದ ಕಾಲದಿಂದ ಬೆಳೆದುಬಂದ ವಿದ್ಯುತ್ತು. ಕೆಲಸಗಾರರು ಒಂಟಿಕೊಪ್ಪಲಿನಿಂದ, ಬನ್ನಿಮಂಟಪದ ಕಡೆಯಿಂದ, ಮೇಟಗಳ್ಳಿಯಿಂದ ಸೈಕಲ್ಲಿನಲ್ಲಿ ಬರಬಹುದಿತ್ತು. ಅಂದರೆ ಸರ್ಕಾರ ಆ ಮುಂಚಿನ ಐವತ್ತು ಅರವತ್ತು ವರ್ಷಗಳಲ್ಲಿ ಹಾಕಿದ್ದ ಹಣದ ಮೇಲೆ ಆ ಉದ್ಯಮ ಬಂದು ನಿಂತಿತು.

1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಕೆಲಸ ಕಳೆದುಕೊಂಡ ಕುಟುಂಬಗಳ ಪಾಡು ಸಣ್ಣದೇನಲ್ಲ, ಅದನ್ನು ಒಂದು ವಾಕ್ಯದಲ್ಲಿ ದಾಟಿಬಿಡುವಂತಿಲ್ಲ. ವರ್ಷಗಟ್ಟಲೆ ಬಾಕಿ ಹಣದ ಚಿಂತೆ, ನಡುವಯಸ್ಸಿನಲ್ಲಿ ಹೊಸ ಕಸುಬು ಹುಡುಕುವ ಕಷ್ಟ. ಆದರೆ ಬಡಾವಣೆ ಮಾತ್ರ ಮುಳುಗಲಿಲ್ಲ. ನೀರಿನ ಕೊಳವೆ, ರಸ್ತೆ, ಶಾಲೆ, ಆಸ್ಪತ್ರೆ ಯಾವುದೂ ಕಂಪನಿಯ ಸ್ವತ್ತಾಗಿರಲಿಲ್ಲ. ಅವು ಊರಿನವು. ಹಾಗಾಗಿ ಅದೇ ಬೀದಿಗಳಲ್ಲಿ ಸಣ್ಣ ವರ್ಕ್‌ಶಾಪು, ಗ್ಯಾರೇಜು, ಕಚೇರಿ, ನರ್ಸಿಂಗ್ ಹೋಮು ಬಂದವು. ಜಾವಾದಲ್ಲಿ ಕೈ ಪಳಗಿಸಿಕೊಂಡ ಎಷ್ಟೋ ಮೆಕ್ಯಾನಿಕ್‌ಗಳು ತಮ್ಮದೇ ಷಟರ್ ಎತ್ತಿದರು. ಹಳೆಯ ಬೈಕುಗಳ ಪ್ರೇಮಿಗಳು ಇವತ್ತಿಗೂ ಮೈಸೂರಿನ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಬರುತ್ತಾರೆ.

ಯಾದವಗಿರಿ ಕಲಿಸುವ ಮೊದಲ ಪಾಠ ಇದು. ಉದ್ಯೋಗ ತರುತ್ತೇವೆ ಎಂದು ಸಾರ್ವಜನಿಕ ಹಣವನ್ನು ಒಂದು ಕಂಪನಿಗೆ ರಿಯಾಯಿತಿಯಾಗಿ ಕೊಟ್ಟರೆ, ಕಂಪನಿ ಹೋದ ದಿನ ಅದೂ ಹೋಗುತ್ತದೆ. ಅದೇ ಹಣವನ್ನು ಎಲ್ಲರೂ ತುಳಿಯುವ ರಸ್ತೆಗೆ, ಎಲ್ಲರ ಮನೆಗೆ ಹೋಗುವ ಕೊಳವೆಗೆ ಹಾಕಿದರೆ ಕಂಪನಿ ಬದಲಾದರೂ ಕಸುಬು ಬದಲಾದರೂ ಅದು ನಿಲ್ಲುತ್ತದೆ. ರಿಯಾಯಿತಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ನೂರು ರೂಪಾಯಿ ಇದ್ದರೆ ಮೊದಲ ತೊಂಬತ್ತು ಎಲ್ಲಿಗೆ ಎನ್ನುವುದರಲ್ಲಿ ಅನುಮಾನ ಇರಬಾರದು.

ಇನ್ನು ಎರಡನೆಯ ಪಾಠಕ್ಕೆ ಯಾದವಗಿರಿಯಿಂದ ಹೊರಗೆ ಬರಬೇಕು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 1966ರಲ್ಲಿ ಹುಟ್ಟಿದ ಮೇಲೆ ಕಾರ್ಖಾನೆಗಳ ನೆಲ ವಾಯವ್ಯಕ್ಕೆ ಸರಿಯಿತು. ಮೇಟಗಳ್ಳಿ, ಹೆಬ್ಬಾಳು, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ. ಅಲ್ಲಿಗೆ ವಿಕ್ರಾಂತ್ ಟೈರ್ಸ್ ಬಂತು, ಬಿಇಎಂಎಲ್ ಬಂತು, ನೋಟು ಮುದ್ರಣಾಲಯ ಬಂತು, ಇನ್ಫೋಸಿಸ್‌ನ ದೊಡ್ಡ ಕ್ಯಾಂಪಸ್ ಬಂತು. ಅತ್ತ ಟ್ರಸ್ಟ್ ಬೋರ್ಡು 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರವಾಯಿತು, ಜನ ಬಹುಕಾಲ ‘ಮೂಡಾ’ ಎಂದು ಕರೆದದ್ದು ಅದನ್ನೇ. ಕೆಲಸದ ನೆಲ ಒಂದು ಮಂಡಳಿಯದು, ಮನೆಯ ನೆಲ ಇನ್ನೊಂದು ಪ್ರಾಧಿಕಾರದ್ದು, ನೀರು ನಗರಪಾಲಿಕೆಯದು, ಪಾಲಿಕೆಯ ಗಡಿಯಾಚೆ ಗ್ರಾಮ ಪಂಚಾಯಿತಿ. ಒಂದೇ ಬೀದಿಗೆ ನಾಲ್ಕು ಯಜಮಾನರು.

ಯಜಮಾನರು ಹೆಚ್ಚಾದಾಗ ಏನಾಗುತ್ತದೆ ಎನ್ನುವುದಕ್ಕೆ ರಿಂಗ್ ರೋಡು ಸಾಕ್ಷಿ. ಕೇಂದ್ರ ಸರ್ಕಾರ 2005ರಲ್ಲಿ ಆರಂಭಿಸಿದ ನರ್ಮ್ ಯೋಜನೆಗೆ, ಅಂದರೆ ನೆಹರೂ ಹೆಸರಿನ ನಗರ ನವೀಕರಣ ಯೋಜನೆಗೆ, ಮೈಸೂರು ಆಯ್ಕೆಯಾಯಿತು. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರವಾದ್ದರಿಂದ ಖರ್ಚಿನಲ್ಲಿ ನೂರಕ್ಕೆ 80 ಪಾಲು ಕೇಂದ್ರದ್ದು, 10 ರಾಜ್ಯದ್ದು, 10 ಸ್ಥಳೀಯ ಸಂಸ್ಥೆಯದು. ಇಂಥ ಅನುಕೂಲದ ಹಂಚಿಕೆ ದೊಡ್ಡ ನಗರಗಳಿಗೆ ಇರಲಿಲ್ಲ. ನೀರಿನ ಕೊಳವೆಗಳ ನವೀಕರಣ ಆ ಹಣದಲ್ಲಿ ನಡೆಯಿತು, ಸುಮಾರು 42 ಕಿಲೋಮೀಟರಿನ ಹೊರವರ್ತುಲ ರಸ್ತೆ ಅಗಲವಾಯಿತು. ರಸ್ತೆ ನಿಜಕ್ಕೂ ಚೆನ್ನಾಗಿತ್ತು. ದೀಪದ ಕಂಬಗಳೂ ನಿಂತವು. ಆದರೆ ಆ ದೀಪಗಳ ವಿದ್ಯುತ್ ಬಿಲ್ಲು ಕಟ್ಟುವವರು ಯಾರು? ಪ್ರಾಧಿಕಾರವೋ, ಪಾಲಿಕೆಯೋ, ಪಂಚಾಯಿತಿಗಳೋ? ಈ ಜಗ್ಗಾಟದಲ್ಲಿ ದೀಪಗಳು ಎಷ್ಟೋ ಕಾಲ ಉರಿಯಲೇ ಇಲ್ಲ. ಕಟ್ಟುವುದಕ್ಕೆ ದಿಲ್ಲಿಯಿಂದ ಹಣ ಬರುತ್ತದೆ, ಉರಿಸುವುದಕ್ಕೆ ಬರುವುದಿಲ್ಲ.

ಅನುದಾನ ಎನ್ನುವುದು ಮದುವೆಗೆ ಬಂದ ಉಡುಗೊರೆಯಂತೆ, ಸಂಸಾರ ನಡೆಸುವುದಕ್ಕೆ ತಿಂಗಳ ದುಡಿಮೆಯೇ ಬೇಕು. ಮೇಲಾಗಿ ಉಡುಗೊರೆ ಎಲ್ಲರಿಗೂ ಬರುವುದಿಲ್ಲ. ಮುಂದೆ ಸ್ಮಾರ್ಟ್ ಸಿಟಿ ಯೋಜನೆ ಬಂದಾಗ ಕರ್ನಾಟಕದ ಏಳು ನಗರಗಳು ಅದಕ್ಕೆ ಸೇರಿದವು. ದಾವಣಗೆರೆ ಇತ್ತು, ತುಮಕೂರು ಇತ್ತು, ಶಿವಮೊಗ್ಗ ಇತ್ತು. ಮೈಸೂರು ಇರಲಿಲ್ಲ. ಒಂದು ಯೋಜನೆಯಲ್ಲಿ ನೂರಕ್ಕೆ 80, ಮತ್ತೊಂದರಲ್ಲಿ ಸೊನ್ನೆ. ಇದನ್ನು ನಂಬಿಕೊಂಡು ಇಪ್ಪತ್ತು ವರ್ಷದ ಊರಿನ ಯೋಜನೆ ಹಾಕಲು ಬರುತ್ತದೆಯೇ?

ಸಾಲ ತಂದದ್ದೂ ಉಂಟು. ಬೆಂಗಳೂರಿನ ಮೇಲಿನ ಒತ್ತಡ ತಗ್ಗಿಸಬೇಕು, ಸುತ್ತಲ ಊರುಗಳು ಬೆಳೆಯಬೇಕು ಎನ್ನುವ ಉದ್ದೇಶದಿಂದ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯೊಂದು 1990ರ ದಶಕದ ಕೊನೆಯ ಹೊತ್ತಿಗೆ ನಡೆಯಿತು. ಮೈಸೂರು, ತುಮಕೂರು, ರಾಮನಗರ, ಚನ್ನಪಟ್ಟಣ ನಾಲ್ಕು ಊರು. ಮೈಸೂರಿನಲ್ಲಿ ಕೊಳಚೆ ನೀರು ಶುದ್ಧೀಕರಿಸಲು ಇಂದು ಮೂರು ಘಟಕಗಳಿವೆ. ವಿದ್ಯಾರಣ್ಯಪುರ, ಕೆಸರೆ ಮತ್ತು ರಾಯನಕೆರೆಯ ಕಡೆ. ಈ ವ್ಯವಸ್ಥೆಯ ಬೇರು ಆ ಕಾಲದ್ದು. ಮನೆಯ ಗೃಹಪ್ರವೇಶಕ್ಕೆ ಎಲ್ಲರೂ ಹೋಗುತ್ತಾರೆ, ಕೊಳಚೆ ಘಟಕದ ಉದ್ಘಾಟನೆಗೆ ಯಾರು ಹೋಗುತ್ತಾರೆ? ಆದರೆ ಅದಿಲ್ಲದೆ ಸಾವಿರ ಮನೆಯ ಬಡಾವಣೆಯ ನೀರು ಕೆರೆಗೆ ಹೋಗುತ್ತದೆ.

ಈಗ ಊರಿನ ಅಂಚಿಗೆ ಬರೋಣ. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಈ ನಾಲ್ಕನ್ನು ಪಟ್ಟಣ ಪಂಚಾಯಿತಿಗಳೆಂದೂ ಹೂಟಗಳ್ಳಿಯನ್ನು ನಗರಸಭೆಯೆಂದೂ 2020ರ ಕೊನೆಯಲ್ಲಿ ಮಾಡಲಾಯಿತು. ಮೊನ್ನೆ ಮೊನ್ನೆಯವರೆಗೆ ಗ್ರಾಮ ಪಂಚಾಯಿತಿಗಳ ಕೈಯಲ್ಲಿದ್ದ ಈ ನೆಲದಲ್ಲಿ ಖಾಸಗಿ ಬಡಾವಣೆಗಳು ಎದ್ದಿವೆ. ಕಾರ್ಖಾನೆಗಳಲ್ಲಿ ದುಡಿಯುವವರು, ಬೆಂಗಳೂರಿನಿಂದ ಮರಳಿದವರು, ನಿವೃತ್ತರು ಮನೆ ಮಾಡಿರುವುದು ಇಲ್ಲೇ. ಇವನ್ನೆಲ್ಲ ಸೇರಿಸಿ ‘ಬೃಹತ್ ಮೈಸೂರು’ ಮಾಡಬೇಕೆನ್ನುವ ಮಾತೂ ಜೋರಾಗಿ ಕೇಳಿಬಂದಿದೆ. ಇಲ್ಲಿ ಟ್ರಸ್ಟ್ ಬೋರ್ಡಿನ ಕ್ರಮ ತಲೆಕೆಳಗಾಗಿದೆ. ಮೊದಲು ಮನೆ, ಆಮೇಲೆ ನಲ್ಲಿ. ಮನೆ ಕಟ್ಟಿದ ಮೇಲೆ ರಸ್ತೆ ಅಗೆದು ಕೊಳವೆ ಹಾಕಬೇಕು, ಒಳಚರಂಡಿಗೆ ಇಳಿಜಾರು ಸಿಗದಿದ್ದರೆ ಪಂಪು ಇಡಬೇಕು, ಶಾಲೆಗೆ ಜಾಗ ಬೇಕೆಂದರೆ ಸೈಟಿನ ಬೆಲೆ ಕೊಟ್ಟು ಕೊಳ್ಳಬೇಕು. ಮೊದಲೇ ಮಾಡಿದ್ದರೆ ಆಗುತ್ತಿದ್ದ ಖರ್ಚಿಗಿಂತ ಇದು ಎಷ್ಟೋ ಹೆಚ್ಚು.

ಆದರೆ ಬೆಲೆ ಏರಿಕೆಯ ಲಾಭ ಏನಾಯಿತು? ಹೊಲವನ್ನು ಎಕರೆ ಲೆಕ್ಕದಲ್ಲಿ ಕೊಂಡು ಚದರಡಿ ಲೆಕ್ಕದಲ್ಲಿ ಮಾರಿದವರು ಲಾಭ ಪಡೆದು ಹೋದರು. ರೈತನ ಕೈಗೆ ಬಂದದ್ದು ಎಕರೆಯ ಬೆಲೆ. ನಿವೇಶನ ಕೊಂಡ ಮಧ್ಯಮ ವರ್ಗದವನ ಕೈಯಲ್ಲಿ ತಿಂಗಳ ಕಂತು, ನೀರಿಗೆ ಟ್ಯಾಂಕರ್ ಬಿಲ್ಲು. ಅದರ ಮೇಲೆ ಈಗ ಮೂಲಸೌಕರ್ಯಕ್ಕೆ ಸರ್ಕಾರ ಹಣ ಕೊಡಲಿ ಎಂದು ಕೇಳಿದರೆ, ಆ ಹಣ ಕೊಡುವವರು ಯಾರು? ಚಾಮರಾಜನಗರದ ಕೂಲಿಯೂ, ರಾಯಚೂರಿನ ರೈತನೂ ಕಟ್ಟಿದ ತೆರಿಗೆಯೇ ತಾನೆ. ಅವರ ಹಣದಲ್ಲಿ ಮೈಸೂರಿನ ಹೊರವಲಯದ ಸೈಟಿನ ಬೆಲೆ ಏರಿಸುವುದು ಎಷ್ಟು ನ್ಯಾಯ?

ಹಾಗೆಂದು ಕೊಳವೆ ಹಾಕದೆ ಬಿಡಲಾದೀತೇ? ಬಿಡುವಂತಿಲ್ಲ. ಆದ್ದರಿಂದ ಮೊದಲು ಹಾಕಿ, ಆಮೇಲೆ ಹಿಂಪಡೆಯುವ ದಾರಿಯನ್ನು ಮೊದಲೇ ಬರೆದಿಡಬೇಕು. ನಮ್ಮ ಕಾನೂನಿನಲ್ಲೇ ದಾರಿಗಳಿವೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಭಿವೃದ್ಧಿ ಶುಲ್ಕ ವಿಧಿಸಲು ಅವಕಾಶ ಕೊಡುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಲ್ಲಿ ಬೆಲೆ ಏರಿದ ನೆಲದ ಮೇಲೆ ಸುಧಾರಣಾ ತೆರಿಗೆ ಹಾಕುವ ಅಧಿಕಾರ ಇದೆ. ಆಸ್ತಿ ತೆರಿಗೆಯಂತೂ ಇದ್ದೇ ಇದೆ. ನಾವು ‘ಕಂದಾಯ’ ಎಂದು ವರ್ಷಕ್ಕೊಮ್ಮೆ ಗೊಣಗುತ್ತಾ ಕಟ್ಟುವ ಆ ಹಣ, ಲೆಚ್‌ವರ್ತಿನವರ ಬಾಡಿಗೆಗೆ ನಮ್ಮಲ್ಲಿರುವ ಹತ್ತಿರದ ಸಾಟಿ. ನಿವೇಶನ ಮಾರಿದ ಹಣ ಒಮ್ಮೆ ಬಂದು ಮುಗಿಯಿತು ಎಂದೆನಲ್ಲ, ವರ್ಷ ವರ್ಷವೂ ಬರುವುದು ಕಂದಾಯ ಒಂದೇ. ಖಾತೆಯೇ ಇಲ್ಲದ ಸೈಟಿನಿಂದ ಅದು ಸರಿಯಾಗಿ ಬರುವುದಿಲ್ಲ. ಆದ್ದರಿಂದ ಅನುಮೋದನೆ ಇಲ್ಲದ ರೆವಿನ್ಯೂ ಸೈಟುಗಳನ್ನು ದಾಖಲೆಗೆ ತರುವ ಬಿ ಖಾತಾ ಕೆಲಸ ಬರೀ ಮಾಲೀಕರ ಅನುಕೂಲದ ಪ್ರಶ್ನೆಯಾಗಿ ಉಳಿಯಬಾರದು. ಅಲ್ಲಿಂದ ಬರುವ ತೆರಿಗೆ ಅದೇ ಬಡಾವಣೆಯ ಕೊಳವೆಗೆ ಹೋಗುತ್ತದೆಂದು ಲೆಕ್ಕದಲ್ಲಿ ಕಾಣಬೇಕು.

ಸಣ್ಣ ಸಂಸ್ಥೆಗಳು ದೊಡ್ಡ ಕೆಲಸಕ್ಕೆ ಸಾಲ ಹೇಗೆ ಎತ್ತುವುದು? ಇದಕ್ಕೆ ಕರ್ನಾಟಕದಲ್ಲೇ ಒಂದು ಪ್ರಯೋಗ ನಡೆದಿದೆ. ಬೆಂಗಳೂರಿನ ಸುತ್ತಲಿನ ಎಂಟು ಸ್ಥಳೀಯ ಸಂಸ್ಥೆಗಳಿಗೆ, ಅಂದರೆ ಯಲಹಂಕ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ಕೆಂಗೇರಿ ಮೊದಲಾದ ಊರುಗಳಿಗೆ, ಕಾವೇರಿ ನೀರು ಬೇಕಿತ್ತು. ಒಂದೊಂದಾಗಿ ಹೋದರೆ ಸಾಲ ಕೊಡುವವರಿಲ್ಲ. 2005ರಲ್ಲಿ ಎಲ್ಲರ ಪರವಾಗಿ ಒಂದು ನಿಧಿ ಮಾಡಿ, 100 ಕೋಟಿ ರೂಪಾಯಿಯ ಬಾಂಡುಗಳನ್ನು ಮಾರುಕಟ್ಟೆಯಲ್ಲಿ ಮಾರಲಾಯಿತು. ಮನೆಯವರಿಂದಲೂ ಮುಂಗಡ ವಂತಿಗೆ ಪಡೆಯಲಾಯಿತು. ಉಪಾಯ ಒಳ್ಳೆಯದೇ. ಆದರೆ ಹಣ ಕಟ್ಟಿದವರಲ್ಲಿ ಎಷ್ಟೋ ಜನ ನೀರಿಗಾಗಿ ವರ್ಷಗಟ್ಟಲೆ ಕಾದರು. ಅಷ್ಟರಲ್ಲಿ, 2007ರಲ್ಲಿ, ಆ ಎಂಟೂ ಸಂಸ್ಥೆಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾದವು. ಯಾರನ್ನು ಕೇಳುವುದು ಎನ್ನುವುದೇ ಗೊಂದಲವಾಯಿತು. ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರಗಳಿಗೆ ಈ ಕಥೆ ಮುಖ್ಯ. ಕೂಡಿ ಸಾಲ ಎತ್ತಬಹುದು. ಆದರೆ ವಂತಿಗೆ ಪಡೆದರೆ ನೀರು ಬರುವ ದಿನ ಹೇಳಬೇಕು, ನಾಳೆ ಸಂಸ್ಥೆಗಳು ವಿಲೀನವಾದರೆ ಸಾಲವೂ ಹೊಣೆಯೂ ಯಾರ ತಲೆಗೆ ಎನ್ನುವುದನ್ನು ಮೊದಲೇ ಬರೆಯಬೇಕು.

ಹಾಗಾದರೆ ಕೇಂದ್ರದ ಹಣ, ರಾಜ್ಯದ ಹಣ ಬೇಡವೇ? ಬೇಕು. 74ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅಂದಿನಿಂದ ನಗರಾಡಳಿತ ಸಂವಿಧಾನದಲ್ಲೇ ಜಾಗ ಪಡೆದಿದೆ. 15ನೆಯ ಹಣಕಾಸು ಆಯೋಗ 2021ರಿಂದ 2026ರವರೆಗೆ ದೇಶದ ನಗರ ಸ್ಥಳೀಯ ಸಂಸ್ಥೆಗಳಿಗೆ 1,21,055 ಕೋಟಿ ರೂಪಾಯಿ ಶಿಫಾರಸು ಮಾಡಿತು. ಮೈಸೂರಿನಂಥ ಊರುಗಳ ಪಾಲಿನಲ್ಲಿ ನೂರಕ್ಕೆ 60ರಷ್ಟನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮಾತ್ರ ಬಳಸಬೇಕು ಎಂದು ಕಟ್ಟು ಹಾಕಿತು. ಕಟ್ಟು ಸರಿಯೇ. ತೊಂದರೆ ಇರುವುದು ತಲೆ ಎಣಿಕೆಯಲ್ಲಿ. ಆ ಲೆಕ್ಕಕ್ಕೆ ಆಧಾರ 2011ರ ಜನಗಣತಿ. ಆಗ ಮೈಸೂರು ನಗರದಲ್ಲಿ 9 ಲಕ್ಷದ ಹತ್ತಿರ ಜನ, ಸುತ್ತಲಿನದನ್ನು ಸೇರಿಸಿದರೂ 10 ಲಕ್ಷ ಮುಟ್ಟಿರಲಿಲ್ಲ. 2021ರಲ್ಲಿ ಗಣತಿ ನಡೆಯಲಿಲ್ಲ. ಹೊರವಲಯಕ್ಕೆ ಬಂದವರೆಲ್ಲ ಎಣಿಕೆಯ ಹೊರಗೆ ಉಳಿದರು. ನೀರು ಕುಡಿಯುವವರು ಇವತ್ತಿನವರು, ಹಣ ಬಂದದ್ದು 2011ರ ತಲೆಗಳಿಗೆ. ಈಗ ಜನಗಣತಿ ಬರುತ್ತಿದೆ. ಎಣಿಸಲು ಬಂದವರಿಗೆ ಮನೆಯ ವಿವರ ಸರಿಯಾಗಿ ಕೊಡುವುದು ನಾವು ಊರಿಗಾಗಿ ಮಾಡಬಹುದಾದ ಅತ್ಯಂತ ಅಗ್ಗದ ಕೆಲಸ.

ಒಂದು ಮಾತು ನೆಲ ಕೊಟ್ಟವರ ಬಗ್ಗೆ. ಬಡಾವಣೆ ಎಂದರೆ ಮೊದಲು ಅದು ಯಾರದೋ ರಾಗಿ ಹೊಲ. ಹಿಂದೆಲ್ಲ ಪರಿಹಾರ ಎಂದು ಒಂದಿಷ್ಟು ಹಣ ಕೈಗಿಟ್ಟು ಕಳುಹಿಸುತ್ತಿದ್ದರು. ಈಚೆಗೆ ಅಭಿವೃದ್ಧಿಪಡಿಸಿದ ನೆಲದಲ್ಲೇ ರೈತನಿಗೆ ಪಾಲು ಕೊಡುವ ಪದ್ಧತಿ ಬಂದಿದೆ. ಹೀಗೆ ಮಾಡಿದ ನಿವೇಶನ ಹಂಚಿಕೆಯ ವಿವಾದಗಳು ನ್ಯಾಯಾಲಯದ ಮೆಟ್ಟಿಲು ಹತ್ತಿವೆ, ಅವುಗಳ ತೀರ್ಮಾನ ನ್ಯಾಯಾಲಯದ್ದು. ಆದರೆ ಪದ್ಧತಿಯ ಹಿಂದಿನ ತತ್ವ ಸರಿಯಾದದ್ದು. ನಲ್ಲಿ ಬಂದ ಮೇಲೆ ಏರುವ ಬೆಲೆಯಲ್ಲಿ ಮೊದಲ ಪಾಲು ಆ ನೆಲವನ್ನು ತಲೆಮಾರುಗಟ್ಟಲೆ ಉತ್ತವನಿಗೆ ಸಲ್ಲಬೇಕು. ಪಾಲು ಯಾರಿಗೆ, ಎಷ್ಟು, ಎಲ್ಲಿ ಎನ್ನುವುದು ಎಲ್ಲರೂ ನೋಡುವಂಥ ಪಟ್ಟಿಯಲ್ಲಿ ಇದ್ದರೆ ಅರ್ಧ ವಿವಾದ ಹುಟ್ಟುವುದೇ ಇಲ್ಲ.

ನಮ್ಮ ಮೈಸೂರಿನ ಬಾನುಲಿಯ ಇತಿಹಾಸವೂ ಈ ವಿಷಯಕ್ಕೆ ಹೊರಗಿನದಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ಪ್ರಸಾರ ಆರಂಭಿಸಿದರು. ಒಬ್ಬರ ಉತ್ಸಾಹ, ಒಬ್ಬರ ಜೇಬು. ಅದು ಹೆಚ್ಚು ಕಾಲ ನಡೆಯುವಂಥದ್ದಲ್ಲ. ಮುಂದೆ ಮೈಸೂರು ಸರ್ಕಾರ ಅದರ ಹೊಣೆ ಹೊತ್ತದ್ದರಿಂದ ಬಾನುಲಿ ಉಳಿಯಿತು. ಖಾಸಗಿಯವರ ಸಾಹಸ ಬೇಕು, ಸಾರ್ವಜನಿಕರ ಆಸರೆಯೂ ಬೇಕು. ಯಾವುದು ಯಾರ ಕೆಲಸ ಎನ್ನುವ ಸ್ಪಷ್ಟತೆ ಮಾತ್ರ ಇರಬೇಕು. ಕಾರ್ಖಾನೆ, ಕಂಪನಿ, ಮನೆ ಇವನ್ನು ಕಟ್ಟುವ ಸಾಹಸ ಅವರದು. ಅವೆಲ್ಲ ನಿಲ್ಲುವ ನೆಲ, ಹರಿಯುವ ನೀರು, ನಡೆಯುವ ದಾರಿ ನಮ್ಮೆಲ್ಲರದು.

ಮುಂದಿನ ಸಲ ನಿಮ್ಮ ಬಡಾವಣೆಗೆ ಇಷ್ಟು ಕೋಟಿ ಅನುದಾನ ಬಂತು ಎಂದು ಪತ್ರಿಕೆಯಲ್ಲಿ ಓದಿದಾಗ ಚಪ್ಪಾಳೆ ತಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಈ ಕೊಳವೆ ಅಥವಾ ರಸ್ತೆ ಮನೆಗಳಿಗಿಂತ ಮೊದಲು ಬರುತ್ತಿದೆಯೇ, ಆಮೇಲೆಯೇ? ಇದು ಎಲ್ಲರಿಗೂ ಉಳಿಯುವ ಸ್ವತ್ತೇ, ಒಬ್ಬರ ಗೇಟಿನ ತನಕ ಮಾತ್ರವೇ? ಹತ್ತು ವರ್ಷ ಇದರ ವಿದ್ಯುತ್ ಬಿಲ್ಲು, ದುರಸ್ತಿ ಯಾರ ಲೆಕ್ಕ? ಇದರಿಂದ ಏರುವ ನೆಲದ ಬೆಲೆಯಲ್ಲಿ ಊರಿನ ಪಾಲು ಯಾವ ಹೆಸರಿನಲ್ಲಿ, ಎಷ್ಟು, ಯಾವಾಗ ಬರುತ್ತದೆ? ಈ ಪ್ರಶ್ನೆಗಳನ್ನು ವಾರ್ಡ್ ಸಭೆಯಲ್ಲಿ, ಪಾಲಿಕೆಯ ಬಜೆಟ್ ಸಲಹೆಯ ಅರ್ಜಿಯಲ್ಲಿ, ಓಟು ಕೇಳಲು ಬಂದವರ ಮುಂದೆ ಕೇಳಬಹುದು. ನಾಲ್ಕಕ್ಕೂ ಉತ್ತರ ಇದ್ದರೆ ಆ ಅನುದಾನ ಊರಿನ ಬಂಡವಾಳ. ಇಲ್ಲದಿದ್ದರೆ ಅದು ಸುದ್ದಿ ಅಷ್ಟೆ, ಅದರ ಬಿಲ್ಲು ಮಾತ್ರ ಆಮೇಲೆ ನಮ್ಮ ಮನೆಗೇ ಬರುತ್ತದೆ.